ವೈಜನಾಥ ನೋಡದ ಗೋಲು

ನಾಚಾರಂನ ಆ ಪೈಪ್ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಹದಿನೆಂಟು ವರ್ಷದಿಂದ ವೈಜನಾಥನೇ ಮ್ಯಾನೇಜರು. ಮ್ಯಾನೇಜರೆಂದರೆ ಭಾರೀ ಹುದ್ದೆ ಎಂದು ಯಾರೂ ಭ್ರಮಿಸಬೇಕಾಗಿಲ್ಲ. ಹಗಲು ಸ್ಟೋರಿನಲ್ಲಿ ಕೆಲಸ, ಸಂಜೆ ಮೈದಾನದಲ್ಲಿ ಸೀಟಿ. ಚೆಂಡಿಗೆ ಗಾಳಿ ತುಂಬುವವನೂ ಅವನೇ, ಹನ್ನೊಂದು ಜನರನ್ನು ಆರಿಸುವವನೂ ಅವನೇ, ಸೋತ ಮರುದಿನ ಸಾಹೇಬರ ಎದುರು ಕೈಕಟ್ಟಿ ನಿಲ್ಲುವವನೂ ಅವನೇ. ಆದರೂ ಆಟಗಾರರು ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಅದಕ್ಕೆ ಕಾರಣ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದ್ದ ಒಂದು ಉರ್ದು ಪತ್ರಿಕೆಯ ತುಣುಕು.

ಅದನ್ನು ಓದಬಲ್ಲವರು ಇಡೀ ಕಾರ್ಖಾನೆಯಲ್ಲಿ ನಾಲ್ಕು ಮಂದಿ ಇದ್ದರೆ ಹೆಚ್ಚು. ಆದರೆ ಅದರಲ್ಲಿ ಏನಿದೆ ಎಂಬುದು ಎಲ್ಲರಿಗೂ ಬಾಯಿಪಾಠ. ತೊಂಬತ್ತಾರನೇ ಇಸವಿ, ಕಾರ್ಖಾನೆಗಳ ಲೀಗಿನ ಫೈನಲ್, ಒಂದು–ಸೊನ್ನೆ, ಗೋಲು ಹೊಡೆದವನು ಒಂಬತ್ತನೇ ನಂಬರಿನ ವೈಜನಾಥ. ಹೊಸಬರು ತಂಡಕ್ಕೆ ಸೇರಿದಾಗಲೆಲ್ಲ ವೈಜನಾಥ ಆ ಗೋಲನ್ನು ಮೈದಾನದಲ್ಲಿ ಮಾಡಿ ತೋರಿಸುತ್ತಿದ್ದ. ಎಡಕ್ಕೆ ಹೋದಂತೆ ಭುಜ ಬಾಗಿಸುವುದು, ಬಲಕ್ಕೆ ಹೊರಳುವುದು, ಗೋಲ್‌ಕೀಪರ್ ನೆಲ ಕಚ್ಚುವ ತನಕ ತಡೆಯುವುದು, ಆಮೇಲೆ ಎಡಗಾಲಿನಿಂದ ಮೂಲೆಗೆ ಮೆಲ್ಲಗೆ ಸರಿಸುವುದು. ಐವತ್ತು ದಾಟಿದ ಮೇಲೂ ಆ ಹೊರಳುವಿಕೆ ಅವನಿಗೆ ಚೆನ್ನಾಗಿಯೇ ಒಲಿದಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಮುಚ್ಚಿಡುವುದು ಸರಿಯಲ್ಲ. ಆ ಗೋಲನ್ನು ವೈಜನಾಥ ಹೊಡೆದಿರಲಿಲ್ಲ. ಹೊಡೆಯುವುದಿರಲಿ, ನೋಡಿಯೂ ಇರಲಿಲ್ಲ.

ಹಾಗೆಂದು ಅವನು ಆಟವೇ ಬಾರದ ಬಡಾಯಿಕೋರನಲ್ಲ. ಅವನಿಗೆ ಸಲ್ಲಬೇಕಾದ್ದು ಸಲ್ಲಲಿ. ಹುಮನಾಬಾದ್ ಕಡೆಯಿಂದ ಕೂಲಿಗೆ ಬಂದವನ ಮಗ, ಕಾರ್ಖಾನೆಯಲ್ಲಿ ಕಾಯಂ ಆಗದ ದಿನಗೂಲಿ. ಆದರೆ ಆ ವರ್ಷ ಲೀಗಿನಲ್ಲಿ ಹದಿನಾಲ್ಕು ಗೋಲು ಹೊಡೆದಿದ್ದ, ಅವೆಲ್ಲ ಅವನವೇ. ಸೆಮಿಫೈನಲ್ಲಿನಲ್ಲಿ ಮೊಣಕಾಲು ತಿರುಚಿಕೊಂಡಿತು. ಎರಡು ದಿನದಲ್ಲಿ ಅದು ಕುಂಬಳಕಾಯಿಯಷ್ಟು ಊದಿತು. ಫೈನಲ್ಲಿಗೆ ಬೇರೆ ಹೆಸರು ಸೇರಿಸೋಣವೆಂದರೆ ಲೀಗಿನವರ ಪಟ್ಟಿ ತಿಂಗಳ ಹಿಂದೆಯೇ ಮುಚ್ಚಿತ್ತು.

ಆಗ ತಂಡ ನೋಡಿಕೊಳ್ಳುತ್ತಿದ್ದವರು ಲೇಬರ್ ಆಫೀಸಿನ ಕಾಶಿನಾಥ. ಭಾಲ್ಕಿಯವರು, ಯಾವ ಗಂಟಿಗೂ ಒಂದು ಎಳೆ ಹುಡುಕುವ ಮನುಷ್ಯ. ಕಾರ್ಖಾನೆಯ ಹೊಸ ಶೆಡ್ಡಿನ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದಿದ್ದ ಗಾರೆ ಕೂಲಿಯವನೊಬ್ಬನ ಮೇಲೆ ಅವರ ಕಣ್ಣಿತ್ತು. ಅವನ ಹೆಸರು ಹುಸೇನಪ್ಪ. ಊಟದ ಬಿಡುವಿನಲ್ಲಿ ಬರಿಗಾಲಲ್ಲೇ ಇವರ ಜೊತೆ ಆಡುತ್ತಿದ್ದ, ಅವನ ಕಾಲಿಗೆ ಸಿಕ್ಕ ಚೆಂಡನ್ನು ಕಿತ್ತುಕೊಳ್ಳುವುದು ಕಷ್ಟವಿತ್ತು. ಕಾಶಿನಾಥರು ವೈಜನಾಥನಿಗೆ ಲೀಗಿನವರು ಕೊಟ್ಟಿದ್ದ ಗುರುತಿನ ಕಾರ್ಡನ್ನು ಹುಸೇನಪ್ಪನ ಕೈಗಿಟ್ಟು, ‘ಇವತ್ತೊಂದು ದಿನ ನೀನ ವೈಜನಾಥ’ ಎಂದರು. ಇದಕ್ಕೆ ‘ಕಾರ್ಡಿನ ಮೇಲೆ ಆಡುವುದು’ ಎಂದು ಹೆಸರು. ಆಗ ಎಲ್ಲ ತಂಡಗಳಲ್ಲೂ ಕದ್ದುಮುಚ್ಚಿ ನಡೆಯುತ್ತಿತ್ತು. ಆ ಕಾಲದ ಕಾರ್ಡಿನ ಫೋಟೋದಲ್ಲಿ ಮನುಷ್ಯ ಗಂಡಸು ಎಂಬುದೊಂದು, ಮೀಸೆಯಿದೆ ಎಂಬುದೊಂದು, ಇವೆರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಂದು ಮೈದಾನದಲ್ಲಿ ಇಬ್ಬರು ವೈಜನಾಥರು ಇರುವಂತಿಲ್ಲವಲ್ಲ. ಅದಕ್ಕೇ ನಿಜವಾದ ವೈಜನಾಥನನ್ನು ಕಾರ್ಖಾನೆಯ ಟೆಂಪೋದಲ್ಲಿ ಕೂರಿಸಿ, ತಾಡಪಾಲು ಇಳಿಬಿಟ್ಟು, ಗ್ಯಾಲರಿಯ ಹಿಂದೆ ನಿಲ್ಲಿಸಿದರು. ರಬ್ಬರಿನ ವಾಸನೆಯ ಆ ಕತ್ತಲೆಯಲ್ಲಿ ಕಾಲು ಚಾಚಿಕೊಂಡು ಅವನು ಫೈನಲ್ಲನ್ನು ಕಿವಿಯಲ್ಲಿ ನೋಡಿದ. ಕೊನೆಗೆ ಹೊರಗೆ ಒಮ್ಮೆಲೇ ಹುಯ್ಯಲೆದ್ದಿತು. ಸಾವಿರ ಮಂದಿ ‘ವೈಜನಾಥ್! ವೈಜನಾಥ್!’ ಎಂದು ಕೂಗುತ್ತಿದ್ದರು. ತನ್ನ ಹೆಸರನ್ನು ಅಷ್ಟು ಜನ ಕೂಗಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ನಾಚಿಕೆಯ ಮಾತೆಂದರೆ, ಆ ಗಳಿಗೆಯಲ್ಲಿ ಅವನಿಗೆ ಖುಷಿಯಾಯಿತು.

ಹುಸೇನಪ್ಪ ಕಪ್ಪು ಎತ್ತಲಿಕ್ಕೂ ನಿಲ್ಲಲಿಲ್ಲ. ಆ ಸಂಜೆ ಶೆಡ್ಡಿನ ಸ್ಲ್ಯಾಬ್ ಹಾಕುವುದಿತ್ತು, ಮೇಸ್ತ್ರಿ ಬೈದಾನೆಂದು ಓಡಿದ. ಮರುದಿನ ಬೆಳಿಗ್ಗೆ ವೈಜನಾಥನ ಬೂಟುಗಳನ್ನು ತೊಳೆದು ಒರೆಸಿ ತಂದುಕೊಟ್ಟ.

“ಅಣ್ಣಾ, ನಿಮ್ಮ ಬೂಟು ನನಗ ದೊಡ್ಡವು ಆಗತಿದ್ದುವು. ಮುಂದ ಚಿಂದಿ ತುರುಕಿಕೊಂಡಿದ್ದೆ. ಎಲ್ಲಾ ತಗದೀನ್ರಿ.”

ಅಷ್ಟರಲ್ಲಿ ಕಾರ್ಖಾನೆಯ ಮಾಲೀಕರು ಮೈದಾನದಲ್ಲೇ ಘೋಷಿಸಿಬಿಟ್ಟಿದ್ದರು: ಗೋಲು ಹೊಡೆದವನಿಗೆ ಕಾಯಂ ಕೆಲಸ. ಆರ್ಡರು ವೈಜನಾಥನ ಹೆಸರಿಗೆ ಬಂತು. ಅವನು ಕಾಶಿನಾಥರ ಬಳಿ ಹೋಗಿ ತಲೆ ಕೆರೆದುಕೊಂಡು ನಿಂತ.

“ಬಾಯಿ ಮುಚ್ಚಿಕೊಂಡು ಹೋಗು,” ಎಂದರು ಕಾಶಿನಾಥ. “ಕಾರ್ಡಿನ ಸುದ್ದಿ ಹೊರಗ ಬಿತ್ತಂದ್ರ ಕಪ್ಪೂ ಹೋಗತೈತಿ, ಎಲ್ಲಾರ ಹೊಟ್ಟಿ ಮ್ಯಾಲೂ ಕಲ್ಲು ಬೀಳತೈತಿ.”

ಬಾಯಿ ಮುಚ್ಚಲು ಅವನಿಗೂ ಇಷ್ಟು ನೆಪವೇ ಬೇಕಿತ್ತು. ಪೇಡೆ ಹಂಚಿದಾಗ ಹುಸೇನಪ್ಪನಿಗೂ ಒಂದು ಕೊಟ್ಟ. ಹುಸೇನಪ್ಪ ಸುಣ್ಣದ ಕೈಯನ್ನು ಲುಂಗಿಗೆ ಒರೆಸಿಕೊಂಡು ತೆಗೆದುಕೊಂಡ, “ಛಲೋ ಆತು ಬಿಡ್ರಿ ಅಣ್ಣಾ” ಎಂದ. ಯುಗಾದಿಯ ಹೊತ್ತಿಗೆ ಶೆಡ್ಡು ಮುಗಿಯಿತು, ಗಾರೆಯವರು ಬೇರೆ ಕಡೆ ಹೋದರು.

ಸುಳ್ಳು ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಮೊದಮೊದಲು ವೈಜನಾಥ ‘ನಾವು ಹೊಡೆದ ಗೋಲು’ ಎನ್ನುತ್ತಿದ್ದ. ಎರಡು ವರ್ಷದಲ್ಲಿ ಅದು ‘ನನ್ನ ಗೋಲು’ ಆಯಿತು. ಹೇಗೆ ಹೊಡೆದೆ ಎಂದು ಯಾರಾದರೂ ಕೇಳಿದರೆ ಹೇಳಬೇಕಲ್ಲ? ಜೊತೆಗಾರರು ಆಗೀಗ ಆಡಿದ ಮಾತುಗಳನ್ನು ಹೆಕ್ಕಿಕೊಂಡ. ಒಬ್ಬೊಬ್ಬನದು ಒಂದೊಂದು ತರಹ ಇತ್ತು; ಎಲ್ಲಕ್ಕಿಂತ ಚಂದ ಕಂಡದ್ದನ್ನು ತನ್ನದಾಗಿಸಿಕೊಂಡ. ಕಾಶಿನಾಥರು ತೀರಿಕೊಂಡರು, ಹಳಬರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಕೊನೆಗೆ ಅವನ ಸುತ್ತಮುತ್ತ ನಿಜ ಗೊತ್ತಿದ್ದವಳು ಅವನ ಹೆಂಡತಿ ಸುಮಂಗಲಾ ಒಬ್ಬಳೇ. ಆ ಚೌಕಟ್ಟನ್ನು ಅವನು ಮೊದಲು ಮನೆಗೇ ತಂದಿದ್ದ.

“ಸುಳ್ಳಿಗೆ ಗಾಜು ಹಾಕಿಸೀರಿ,” ಎಂದಿದ್ದಳು ಸುಮಂಗಲಾ. “ನಮ್ಮ ಮನ್ಯಾಗ ಬ್ಯಾಡ. ಅದರ ಮ್ಯಾಲಿನ ಧೂಳ ನಾ ಒರಸಂಗಿಲ್ಲ.”

ಅದು ಕ್ಯಾಂಟೀನಿನ ಹಿಂದಿನ ಕೋಣೆ ಸೇರಿದ್ದು ಹೀಗೆ.

ಮೊಣಕಾಲು ಕೈಕೊಟ್ಟು ಆಟ ನಿಂತ ಮೇಲೆ ವೈಜನಾಥ ಮ್ಯಾನೇಜರಾದ. ಆದವನೇ ಕಾರ್ಡಿನ ವಿಷಯದಲ್ಲಿ ಯಮನಾದ. ಕುಂಬಳಕಾಯಿ ಕಳ್ಳ ಎಂದರೆ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವನು ಪಕ್ಕದವನ ಹೆಗಲು ಮುಟ್ಟಿ ನೋಡುತ್ತಿದ್ದ. ಪಂದ್ಯಕ್ಕೆ ಮುಂಚೆ ಒಂದೊಂದು ಕಾರ್ಡನ್ನೂ ಮೂರು ಸಲ ತಿರುವಿ, ಮುಖದ ಪಕ್ಕ ಹಿಡಿದು, ಹುಬ್ಬು ಹೋಲಿಸಿ ನೋಡುವನು. ಹನ್ನೆರಡು ವರ್ಷದ ಹಿಂದೆ ಪ್ರಜ್ವಲ ಎಂಬ ಹತ್ತೊಂಬತ್ತರ ಹುಡುಗ, ತನ್ನ ಹೆಸರು ನೋಂದಣಿಯಾಗುವುದು ತಡವಾಯಿತೆಂದು ಅಣ್ಣನ ಕಾರ್ಡಿನ ಮೇಲೆ ಒಂದು ಪಂದ್ಯ ಆಡಿಬಿಟ್ಟ. ವೈಜನಾಥನೇ ಲೀಗಿಗೆ ಬರೆದು ಅವನನ್ನು ಒಂದು ವರ್ಷ ಹೊರಗೆ ಹಾಕಿಸಿದ. ಅದೇ ವರ್ಷ ಒಂದು ಸರ್ಕಾರಿ ಇಲಾಖೆಯ ತಂಡಕ್ಕೆ ನೌಕರಿ ಸಮೇತ ಆಯ್ಕೆ ನಡೆಯಿತು, ಮುಂದಿನ ವರ್ಷ ಹುಡುಗನ ವಯಸ್ಸು ಮೀರಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಆ ರಾತ್ರಿ ಸುಮಂಗಲಾ ಹೇಳಲಿಲ್ಲ, ತಟ್ಟೆಯಲ್ಲಿ ಅನ್ನ ಬಡಿಸಿ ಎದ್ದುಹೋದಳು.

ಹೋದ ಶ್ರಾವಣದಲ್ಲಿ ಒಂದು ಸಂಜೆ ಮೈದಾನದ ಸಿಮೆಂಟು ಬೆಂಚಿನ ಮೇಲೆ ಯಾರೋ ಬಂದು ಕೂತರು. ಖಾಕಿ ಅಂಗಿ, ನೆರೆತ ಮೀಸೆ. ಆಟ ಮುಗಿಯುವ ತನಕ ಕಾದು, ಎದ್ದು ಬಂದು ಕೈಮುಗಿದರು.

“ಗುರ್ತ ಹತ್ತಲಿಲ್ಲೇನ್ರಿ ವೈಜನಾಥಣ್ಣ? ನಾನ್ರಿ, ಹುಸೇನಪ್ಪ.”

ಹತ್ತದೆ ಏನು. ವೈಜನಾಥ ಸೀಟಿಯನ್ನು ಜೇಬಿಗಿಳಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಈ ಮನುಷ್ಯ ಎಂದಾದರೊಂದು ದಿನ ಬಂದೇ ಬರುತ್ತಾನೆಂದು ಅವನು ಅಂದುಕೊಂಡಿದ್ದ, ಬಂದು ಏನು ಕೇಳಿಯಾನು ಎಂದು ಲೆಕ್ಕ ಹಾಕಿ ಉತ್ತರಗಳನ್ನೂ ಇಟ್ಟುಕೊಂಡಿದ್ದ. ಹುಸೇನಪ್ಪ ಅದಾವುದನ್ನೂ ಕೇಳಲಿಲ್ಲ. ಏರ್‌ಪೋರ್ಟ್ ಕಟ್ಟುವಾಗ ಶಂಶಾಬಾದ್‌ಗೆ ಹೋದವನು ಅಲ್ಲೇ ನಿಂತನಂತೆ. ಈಗ ಒಂದು ಹೊಸ ಬಡಾವಣೆಯಲ್ಲಿ ವಾಚ್‌ಮನ್. ಮಗಳು ಗಂಗಾ ಏರ್‌ಪೋರ್ಟಿನಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದಾಳೆ. ಮೊಮ್ಮಗಳು ಪಿಂಕಿ, ಹನ್ನೆರಡು ವರ್ಷ, ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಾಳೆ.

“ನಮ್ಮ ಮುತ್ಯಾ ಫೈನಲ್ದಾಗ ಗೋಲ್ ಹೊಡದಿದ್ದ ಅಂತ ಸಾಲ್ಯಾಗ ಹೇಳ್ಯಾಳ್ರಿ ಅದು. ಅವರ ಆಟದ ಮಾಸ್ತರು ಮೊಬೈಲಿನ್ಯಾಗ ಆ ಪೇಪರ್ ತೋರಿಸಿ, ನೋಡು ಇದರಾಗ ವೈಜನಾಥ ಅಂತೈತಿ, ಸುಳ್ಳ ಹೇಳಬಾರದು ಅಂದಾರ. ಹುಡುಗರೆಲ್ಲಾ ನಕ್ಕಾರ. ಅವತ್ತಿಂದ ನನ್ನ ಕೂಡ ಮಾತ ಬಿಟ್ಟೈತ್ರಿ ಕೂಸು.”

ಹುಸೇನಪ್ಪ ಬೆಂಚಿನ ಅಂಚನ್ನು ಕೈಯಿಂದ ಸವರಿದ.

“ನಿಮ್ಮ ನೌಕರಿ, ನಿಮ್ಮ ಹೆಸರು ನಿಮಗ ಇರಲಿ ಅಣ್ಣಾ. ಮನಿ ಹೊರಗ ನಾ ಎಲ್ಲೂ ಬಾಯಿ ಬಿಟ್ಟಿಲ್ಲ, ಬಿಡಂಗೂ ಇಲ್ಲ. ಒಂದ ಸಲ ನಮ್ಮ ಮನಿಗಿ ಊಟಕ್ಕ ಬಂದು, ಆ ಕೂಸಿಗಿ ಒಂದ ಮಾತ ಹೇಳ್ರಿ. ಮುತ್ಯಾ ಸುಳ್ಳ ಹೇಳಿಲ್ಲವ್ವಾ ಅಂತ. ಅಷ್ಟ ಸಾಕು.”

ಇಷ್ಟು ಅಗ್ಗಕ್ಕೆ ಬಿಡುಗಡೆ ಸಿಗುತ್ತದೆಂದು ವೈಜನಾಥ ಕನಸಿನಲ್ಲೂ ಎಣಿಸಿರಲಿಲ್ಲ. “ಬರ್ತೀನಿ ಹುಸೇನಪ್ಪ, ಈ ಆಯಿತವಾರನ ಬರ್ತೀನಿ,” ಎಂದ. ಮನೆಗೆ ಬಂದು ಸುಮಂಗಲಾಗೆ ಹೇಳಿದಾಗ ಅವಳು ಎಷ್ಟೋ ವರ್ಷದ ಮೇಲೆ ಗಂಡನ ಮುಖವನ್ನು ನೆಟ್ಟಗೆ ನೋಡಿದಳು.

ಭಾನುವಾರ ಕೋಠಿಯಲ್ಲಿ ಬಸ್ಸು ಬದಲಿಸುವಾಗ ಒಂದು ಹೊಸ ಚೆಂಡು, ಒಂದು ಕಿಲೋ ಸೇಬು ಕೊಂಡ. ಶಂಶಾಬಾದ್ ತನಕ ಆ ಒಂದು ವಾಕ್ಯವನ್ನು ಬಾಯೊಳಗೇ ಹೇಳಿ ನೋಡಿಕೊಂಡ. ‘ಪಿಂಕಿ, ಆ ಗೋಲ್ ಹೊಡದಾಂವ ನಿಮ್ಮ ಮುತ್ಯಾನ.’ ಏನೂ ಕಷ್ಟವಿರಲಿಲ್ಲ.

ವಾಚ್‌ಮನ್‌ಗೆಂದು ಗೇಟಿನ ಪಕ್ಕ ಕಟ್ಟಿದ ಒಂದೇ ಕೋಣೆ ಅವರ ಮನೆ. ಎದುರಿಗೆ ಸಾರಿಸಿದ ಅಂಗಳ, ತಲೆಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ. ಗಂಗಾ ಡ್ಯೂಟಿಗೆ ಹೋಗಿದ್ದಳು. ಹುಸೇನಪ್ಪನ ಹೆಂಡತಿ ಸಾಬಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಮಾಡಿದ್ದಳು. ಪಿಂಕಿ ಬಾಗಿಲ ಚೌಕಟ್ಟಿಗೆ ಒರಗಿ ಬಂದವನನ್ನು ದಿಟ್ಟಿಸುತ್ತಿದ್ದಳು. ಮಾತು ಈಗಲೇ ಮುಗಿಸಿಬಿಡೋಣವೆಂದು ವೈಜನಾಥ ಗಂಟಲು ಸರಿಮಾಡಿಕೊಂಡ.

“ಮೊದಲ ಉಣ್ರಿ ಅಣ್ಣಾ,” ಎಂದ ಹುಸೇನಪ್ಪ. “ಅವರ ಮಾಸ್ತರಿಗೂ ಬಾ ಅಂದೀನಿ. ಇಬ್ಬರೂ ಕೂಡೇ ಕೇಳಲಿ.”

ವೈಜನಾಥ ಮುರಿದ ರೊಟ್ಟಿಯನ್ನು ಮತ್ತೆ ತಟ್ಟೆಗಿಟ್ಟ. ಆದರೂ ಯಾರೋ ಶಾಲೆಯ ಮಾಸ್ತರು ತಾನೇ, ಏನಾದೀತು ಎಂದುಕೊಂಡು ಹೋಳಿಗೆಯನ್ನೂ ಮುಗಿಸಿದ. ಕೈ ತೊಳೆಯುವಷ್ಟರಲ್ಲಿ ಅಂಗಳಕ್ಕೆ ಬೈಕೊಂದು ಬಂತು. ಸವಾರ ಹೆಲ್ಮೆಟ್ ತೆಗೆದ. ಪ್ರಜ್ವಲ.

ಅವನು ಓಡಿಬಂದು ವೈಜನಾಥನ ಪಾದ ಮುಟ್ಟಿದ. “ಸರ್! ನೀವು ಬರ್ತೀರಿ ಅಂದಾಗ ನಾ ನಂಬಲೇ ಇಲ್ಲ. ಈ ಹುಡುಗಿಗೆ ಬೈದವನು ನಾನೇ ಸರ್. ನಿಮ್ಮ ಗೋಲು ಇನ್ಯಾರದೋ ಅಂದ್ರ ನಾ ಹೆಂಗ ಸುಮ್ಮನಿರಲಿ?” ಆಮೇಲೆ ಹುಸೇನಪ್ಪನ ಕಡೆ ತಿರುಗಿ, “ಇವರು ನನ್ನ ಗುರು. ಕಾರ್ಡಿನ ತಪ್ಪಿಗೆ ಒಂದು ವರ್ಷ ಹೊರಗ ಹಾಕಿದರು. ಭಾಳ ಅತ್ತೆ ಆಗ. ಆದ್ರ ಅವತ್ತ ನೆಟ್ಟಗಾದೆ. ಮಕ್ಕಳಿಗೂ ಅದನ್ನೇ ಹೇಳತೀನಿ,” ಎಂದ.

“ಹೇಳ್ರಿ ಅಣ್ಣಾ,” ಎಂದ ಹುಸೇನಪ್ಪ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಬಸ್ಸಿನುದ್ದಕ್ಕೂ ಆಡಿಕೊಂಡ ವಾಕ್ಯ ಎಲ್ಲಿ ಹೋಯಿತೋ. ವೈಜನಾಥ ಪ್ರಜ್ವಲನ ಮುಖ ನೋಡಿದ, ಸೇಬಿನ ಚೀಲ ನೋಡಿದ. “ಹುಸೇನಪ್ಪ ಭಾಳ ಛಲೋ ಆಡತಿದ್ದ,” ಎಂದ. “ಊಟದ ಬಿಡುವಿನ್ಯಾಗ.”

“ಫೈನಲ್ದಾಗ?” ಎಂದಳು ಪಿಂಕಿ.

“ಫೈನಲ್ದಾಗ… ಕಾರ್ಡ ನಂದಿತ್ತು.”

ಮಾತು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನು ಹುಡುಕಿ ತಂದು ಸುಳ್ಳಿನ ಕೆಲಸಕ್ಕೆ ಹಚ್ಚುವುದಿದೆಯಲ್ಲ, ಅದಕ್ಕಿಂತ ಹೇಸಿಗೆ ಇನ್ನೊಂದಿಲ್ಲ, ಮತ್ತು ಆಡುವಾಗಲೇ ವೈಜನಾಥನಿಗೆ ಅದು ತಿಳಿದಿತ್ತು. ಸಾಬಮ್ಮ ಎಂಜಲು ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತಳು. ಹುಸೇನಪ್ಪ ಒಂದು ಗಳಿಗೆ ಅವನನ್ನೇ ನೋಡಿದ. ತನ್ನ ಮನೆಯ ಉಪ್ಪು ತಿಂದು ಕೂತವನ ಹಣೆಯಲ್ಲಿ ಬೆವರು ಒಡೆದದ್ದು ಅವನಿಗೆ ಕಂಡಿತು. ಆಮೇಲೆ ನಕ್ಕುಬಿಟ್ಟ.

“ಹೌದವ್ವಾ ಪಿಂಕಿ, ನಾನ ಸುಮ್ನ ಬಡಾಯಿ ಕೊಚ್ಚಿಕೊಂಡಿದ್ದೆ. ಗೋಲ್ ಅಣ್ಣಾರದ. ಮಾಸ್ತರು ಹೇಳಿದ್ದ ಖರೆ.”

ಮನೆಗೆ ಬಂದವನ ಮಾನ ತನ್ನ ಹೊಸ್ತಿಲೊಳಗೆ ಕಳೆದುಹೋಗಬಾರದೆಂದು, ತನಗಿದ್ದ ಒಂದೇ ನಿಜವನ್ನು ಹುಸೇನಪ್ಪ ಹೀಗೆ ಬಿಟ್ಟುಕೊಟ್ಟ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ವೈಜನಾಥನಿಗೆ.

ಪ್ರಜ್ವಲನಿಗೆ ಉತ್ಸಾಹ. ಹೊಸ ಚೆಂಡನ್ನು ಅಂಗಳಕ್ಕೆ ಉರುಳಿಸಿ, “ಸರ್, ಹೆಂಗೂ ಬಂದೀರಿ, ಈಕೆಗೆ ಆ ಗೋಲು ಒಮ್ಮೆ ತೋರಿಸಿಬಿಡ್ರಿ,” ಎಂದ. ಇಲ್ಲವೆನ್ನಲು ವೈಜನಾಥನಿಗೆ ನೆಪ ಸಿಗಲಿಲ್ಲ. ಎದ್ದು ಭುಜ ಬಾಗಿಸಿದ, ಬಲಕ್ಕೆ ಹೊರಳಿದ, ಇಲ್ಲದ ಗೋಲ್‌ಕೀಪರ್ ನೆಲ ಕಚ್ಚುವ ತನಕ ತಡೆದ, ಎಡಗಾಲಿನಿಂದ ಚೆಂಡನ್ನು ಗೇಟಿನ ಮೂಲೆಗೆ ಸರಿಸಿದ. ಹೊಟ್ಟೆ ತುಂಬ ಅವರದೇ ಹೋಳಿಗೆ.

“ಮುತ್ಯಾ ಹೇಳಿದ್ದು ಹಿಂಗಲ್ಲ,” ಎಂದಳು ಪಿಂಕಿ. “ಯಾರೋ ಹೊಡದ ಬಾಲು ಕೀಪರನ ಕೈಲಿಂದ ಚಿಮ್ಮಿ ಬಂದು, ಮುತ್ಯಾನ ಮೊಣಕಾಲಿಗೆ ಬಡದು ಒಳಗ ಹೋತಂತ. ತಾನು ಹೊಡೀಲೇ ಇಲ್ಲ, ತಾನ ಆತು ಅಂದಿದ್ದ.” ಅವಳು ಮಾಸ್ತರರ ಕಡೆ ತಿರುಗಿದಳು. “ಸುಳ್ಳ ಹೇಳೂದಿದ್ರ ಛಲೋ ಗೋಲ್ ಹೇಳತಿದ್ದಿಲ್ಲೇನ್ ಸರ್?”

“ಪಿಂಕೀ!” ಹುಸೇನಪ್ಪ ಗದರಿದ. “ಮನಿಗಿ ಬಂದ ಹಿರ್ಯಾರಿಗಿ ಎದುರು ಮಾತಾಡತೀ? ಕಾಲಿಗಿ ಬೀಳು. ತಪ್ಪಾತ್ರಿ ಅನ್ನು.”

ಹುಡುಗಿಯ ಕಣ್ಣು ತುಂಬಿದವು. ಆದರೂ ಮುತ್ಯಾನ ಮಾತು ಮೀರಲಿಲ್ಲ. ಬಂದು ವೈಜನಾಥನ ಮುಂದೆ ಬಗ್ಗಿದಳು. ಅವಳ ಬೆರಳು ಪಾದಕ್ಕೆ ತಾಗುವ ಮುಂಚೆ ಅವನು ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

“ನಿಮ್ಮ ಮುತ್ಯಾಂದ ಅವ್ವಾ ಆ ಗೋಲು.”

ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನ ಹಾದುಹೋಯಿತು. ಯಾರಿಗೂ ಕೇಳಿಸಲಿಲ್ಲ. ಸದ್ದು ಅಡಗುವ ತನಕ ಎಲ್ಲರೂ ಅವನ ಬಾಯನ್ನೇ ನೋಡುತ್ತ ನಿಂತರು. ಇಪ್ಪತ್ತೆಂಟು ವರ್ಷ ಆಡದ ಮಾತನ್ನು ಅವನು ಎರಡನೇ ಸಲ ಆಡಬೇಕಾಯಿತು, ಈ ಸಲ ಗಟ್ಟಿಯಾಗಿ.

“ಗೋಲು ನಿಮ್ಮ ಮುತ್ಯಾಂದು. ನನ್ನ ಕಾರ್ಡಿನ ಮ್ಯಾಲೆ ಆಡಿದ. ನಾ ಟೆಂಪೋದಾಗ ತಾಡಪಾಲಿನ ಹಿಂದ ಕುಂತಿದ್ದೆ. ನೋಡೇ ಇಲ್ಲ ನಾನು. ಆ ನೌಕರಿನೂ ಅವಂದ.”

ಪಿಂಕಿ ಅವನ ಕಡೆ ನೋಡಲೇ ಇಲ್ಲ. ಓಡಿಹೋಗಿ ಮುತ್ಯಾನ ಹೊಟ್ಟೆಗೆ ಮುಖ ಒತ್ತಿಕೊಂಡಳು. ಸಾಬಮ್ಮ ತಟ್ಟೆಯನ್ನು ಕೆಳಗಿಟ್ಟು ಗಂಡನನ್ನು ನೋಡಿದಳು. “ನಾ ಸೈತ ನಂಬಿದ್ದಿಲ್ಲಲ್ಲೋ ನಿನ್ನ,” ಎಂದಳು ಸಣ್ಣ ದನಿಯಲ್ಲಿ.

ಪ್ರಜ್ವಲ ಗೇಟಿನ ಮೂಲೆಯಿಂದ ಚೆಂಡನ್ನು ಎತ್ತಿ ತಂದು ಅಂಗಳದಲ್ಲಿಟ್ಟ.

“ನನ್ನ ಒಂದು ವರ್ಷ, ಸರ್?”

ಅಷ್ಟೇ ಕೇಳಿದ. ಪ್ರಜ್ವಲ ಪಿಂಕಿಯ ತಲೆ ಮುಟ್ಟಿ, “ತಪ್ಪಾತವ್ವಾ” ಎಂದ. ಹೆಲ್ಮೆಟ್ ಹಾಕಿಕೊಂಡು ಹೊರಟ. ಹೋಗುವಾಗ ಪಾದ ಮುಟ್ಟಲಿಲ್ಲ.

ಬಸ್ ಸ್ಟಾಪಿನ ತನಕ ಹುಸೇನಪ್ಪ ಜೊತೆಗೆ ಬಂದ. ಬೇಡವೆಂದರೂ ಬಿಡಲಿಲ್ಲ, ಅತಿಥಿಯನ್ನು ಒಬ್ಬನೇ ಕಳಿಸುವ ಪದ್ಧತಿ ಅವನಿಗಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಭರ್ರೆಂದು ಹೋಗುತ್ತಿದ್ದವು. ವೈಜನಾಥ ತಲೆ ತಗ್ಗಿಸಿಕೊಂಡು ನಡೆದ. ಸೋಮವಾರ ಸಾಹೇಬರ ಮುಂದೆ ಹೋಗಬೇಕು, ಚೌಕಟ್ಟು ಇಳಿಸಬೇಕು, ಅವರು ಕೆಲಸದಿಂದ ತೆಗೆದರೆ ಮನೆಗೆ ಹೋಗಬೇಕು. ಅದಾವುದೂ ಈಗ ದೊಡ್ಡದೆನಿಸಲಿಲ್ಲ. ಕಾಲಿಗೆ ಬಗ್ಗಿದ ಆ ಎರಡು ಜಡೆಯ ತಲೆಯೊಂದೇ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

“ಅಣ್ಣಾ, ಖರೇನ ನೋಡಿಲ್ಲೇನ್ರಿ ನೀವು?” ಎಂದ ಹುಸೇನಪ್ಪ.

“ಇಲ್ಲಪ್ಪ. ಬರೀ ಒದರೂದ ಕೇಳಿಸಿತ್ತು.”

“ಅಯ್ಯ! ನಿಮಗ ಕಾಶಿನಾಥ ಸಾಹೇಬರು ಹೇಳಿರತಾರ ಅಂದ್ಕೊಂಡಿದ್ದೆ.” ಹುಸೇನಪ್ಪ ಚಪ್ಪಲಿ ಕಳಚಿ ರಸ್ತೆಯಂಚಿನ ಮಣ್ಣಿನಲ್ಲಿ ನಿಂತ. “ಬರ್ರಿ ಇಲ್ಲಿ. ನೀವು ಕೀಪರ್ ಅನ್ಕೋರಿ. ಮೊದಲ ಅರ್ಧದಾಗ ಬೂಟಿನ್ಯಾಗಿನ ಚಿಂದಿ ಸರದು, ಓಡಾಕ ಬರವಲ್ದಾಗಿತ್ತು ನನಗ…”

ಕೋಠಿ ಬಸ್ಸು ಬಂದು ನಿಂತಿತು. ಕಂಡಕ್ಟರು ತೆಲುಗಿನಲ್ಲಿ ಎರಡು ಸಲ ಕೂಗಿದ, ಬಾಗಿಲು ಬಡಿದ. ಹುಸೇನಪ್ಪ ಇನ್ನೂ ಮೊದಲ ಅರ್ಧದಲ್ಲೇ ಇದ್ದ, ಗೋಲಿಗೆ ಬಹಳ ಹೊತ್ತಿತ್ತು. ವೈಜನಾಥ ಕೈಯಲ್ಲೇ ಬಸ್ಸಿಗೆ ಹೋಗೆಂದು ಸನ್ನೆ ಮಾಡಿ, ಗೋಲ್‌ಕೀಪರನ ಜಾಗದಲ್ಲಿ ನಿಂತುಕೊಂಡ.